ಸ್ಪ್ಯಾನಿಂಗ್ ಟ್ರೀ ಪ್ರೋಟೊಕಾಲ್

ಸ್ವಿಚ್‌ಗಳಿಂದ ಕಟ್ಟಿದ ಈಥರ್ನೆಟ್ ಜಾಲದಲ್ಲಿ ದತ್ತಾಂಶ ಸುತ್ತು ಹೊಡೆಯದಂತೆ ತಡೆಯುವ ನಿಯಮಾವಳಿ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದರು. 1990ರಲ್ಲಿ ಐಇಇಇ 802.1ಡಿ ಮಾನಕವಾಯಿತು.

ಒಂದು ಕೇಬಲ್ ಕೆಟ್ಟರೂ ಸಂಪರ್ಕ ತಪ್ಪದಿರಲೆಂದು ಸ್ವಿಚ್‌ಗಳ ನಡುವೆ ಹೆಚ್ಚುವರಿ ಕೇಬಲ್ ಎಳೆಯುವುದುಂಟು. ಆದರೆ ಇದರಿಂದ ಜಾಲದಲ್ಲಿ ಸುತ್ತುದಾರಿ ಉಂಟಾಗುತ್ತದೆ. ಈಥರ್ನೆಟ್ ಫ್ರೇಮ್‌ಗೆ, ಅಂದರೆ ದತ್ತಾಂಶದ ಕಂತೆಗೆ, ಆಯಸ್ಸಿನ ಮಿತಿ ಇಲ್ಲದ್ದರಿಂದ, ಅಲ್ಲಿ ಬ್ರಾಡ್‌ಕಾಸ್ಟ್ ಫ್ರೇಮ್‌ಗಳು ಕೊನೆಯಿಲ್ಲದೆ ತಿರುಗುತ್ತ, ಹೆಚ್ಚುತ್ತ ಇಡೀ ಜಾಲವನ್ನೇ ಸ್ತಬ್ಧಗೊಳಿಸುತ್ತವೆ.

ಇದನ್ನು ತಪ್ಪಿಸಲು ಸ್ವಿಚ್‌ಗಳು ಬಿಪಿಡಿಯು ಎಂಬ ಸಂದೇಶಗಳ ಮೂಲಕ ಅತಿ ಕಡಿಮೆ ಗುರುತುಸಂಖ್ಯೆಯ ಸ್ವಿಚ್ಚನ್ನು ‘ರೂಟ್’ ಆಗಿ ಆರಿಸುತ್ತವೆ. ಗುರುತುಸಂಖ್ಯೆಯಲ್ಲಿ ಆದ್ಯತೆಯ ಅಂಕೆ ಮತ್ತು ಸ್ವಿಚ್ಚಿನ ಮ್ಯಾಕ್ ವಿಳಾಸ ಇರುತ್ತವೆ; ಆದ್ಯತೆ ಎಲ್ಲದರಲ್ಲೂ 32768 ಇದ್ದರೆ ಮ್ಯಾಕ್ ವಿಳಾಸ ನಿರ್ಣಾಯಕ. ಉಳಿದವು ರೂಟ್‌ಗೆ ಅತಿ ಕಡಿಮೆ ವೆಚ್ಚದ ದಾರಿಯನ್ನು ಹಿಡಿಯುತ್ತವೆ. ಸುತ್ತು ಉಂಟುಮಾಡುವ ಪೋರ್ಟ್ ಫ್ರೇಮ್ ಸಾಗಿಸದೆ ಬಿಪಿಡಿಯುಗಳನ್ನಷ್ಟೇ ಆಲಿಸುತ್ತದೆ. ಬಳಕೆಯ ದಾರಿ ಕಡಿದುಹೋದರೆ ಆ ಪೋರ್ಟ್ ಸಾಮಾನ್ಯವಾಗಿ 30ರಿಂದ 50 ಸೆಕೆಂಡುಗಳಲ್ಲಿ ತೆರೆದುಕೊಳ್ಳುತ್ತದೆ. 2001ರ 802.1ಡಬ್ಲ್ಯು ಮಾನಕ ಈ ಅವಧಿಯನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿತು.