ಅಕ್ರಮವಾಗಿ ವಶಪಡಿಸಿಕೊಂಡ ವಾಹನ: ಗ್ರಾಹಕ ಆಯೋಗದ ಆದೇಶದಂತೆ ಹಣ ವಸೂಲು ಮಾಡಿಕೊಳ್ಳುವ ವಿಧಾನ

1. ಪೀಠಿಕೆ

ಸಾಲದ ಕಂತು ಬಾಕಿ ಇದೆಯೆಂಬ ಕಾರಣ ನೀಡಿ, ಕಾನೂನಿನ ಕ್ರಮ ಅನುಸರಿಸದೆ ವಾಹನವನ್ನು ಕೊಂಡೊಯ್ದ ಪ್ರಕರಣಗಳಲ್ಲಿ, ವಾಹನವನ್ನು ಹಿಂದಿರುಗಿಸುವಂತೆ ಅಥವಾ ಪರಿಹಾರ ಧನ ಪಾವತಿಸುವಂತೆ ಹಣಕಾಸು ಸಂಸ್ಥೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವು ಆದೇಶಿಸಬಹುದಾಗಿದೆ. ಆದರೆ ಆದೇಶ ದೊರೆತ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. ಎದುರುದಾರರು ಸ್ವಯಂ ಪಾವತಿಸದಿದ್ದಲ್ಲಿ, ಆದೇಶ ಪಡೆದವರೇ ಮುಂದಿನ ಅರ್ಜಿ ಸಲ್ಲಿಸತಕ್ಕದ್ದು. ವೈಯಾಲಿಕಾವಲ್ ಮುಂತಾದ ಬಡಾವಣೆಗಳಲ್ಲಿ ಆಟೋರಿಕ್ಷಾ ಓಡಿಸಿ ಸಂಸಾರ ನಡೆಸುವವರಿಗೆ ವಾಹನವಿಲ್ಲದ ಪ್ರತಿ ದಿನವೂ ಸಂಪಾದನೆಯಿಲ್ಲದ ದಿನವೇ ಆಗಿರುವುದರಿಂದ, ಈ ಹಂತದಲ್ಲಿ ವಿಳಂಬ ಮಾಡಬಾರದು.

ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ವಾಹನ ಬಳಸುವವರೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅರ್ಥದಲ್ಲಿ ಗ್ರಾಹಕರೇ ಆಗಿರುತ್ತಾರೆ. ಸದರಿ ಕಾಯ್ದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದ್ದು, ಫಿರ್ಯಾದುದಾರರು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶ ನೀಡಿದೆ. ಅದರಂತೆ ವೈಯಾಲಿಕಾವಲ್ ನಿವಾಸಿಗಳು ಬೆಂಗಳೂರು ನಗರ ಜಿಲ್ಲೆಯ ಆಯೋಗಕ್ಕೆ ದೂರು ಸಲ್ಲಿಸಬಹುದು. ಸಂಸ್ಥೆಯ ಪ್ರಧಾನ ಕಚೇರಿ ಹೊರ ರಾಜ್ಯದಲ್ಲಿದ್ದರೂ ಅಡ್ಡಿಯಿಲ್ಲ.

2. ವಶಪಡಿಸಿಕೊಳ್ಳುವಿಕೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ನಿಲುವು

ಸಾಲ ವಸೂಲಿಗೆ ತೋಳ್ಬಲದ ಏಜೆಂಟರನ್ನು ಬಳಸುವುದನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಐಸಿಐಸಿಐ ಬ್ಯಾಂಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ಖಂಡಿಸಿದೆ. ಕರಾರಿನಲ್ಲಿ ಅವಕಾಶವಿದ್ದರೂ ವಾಹನವನ್ನು ಕಾನೂನುಸಮ್ಮತ ಮಾರ್ಗದಿಂದಲೇ ಪಡೆಯಬೇಕೆಂದು 2011ರಲ್ಲಿ ಸಿಟಿಕಾರ್ಪ್ ಮಾರುತಿ ಫೈನಾನ್ಸ್ ಪ್ರಕರಣದಲ್ಲಿ ತಿಳಿಸಿದೆ. ಆದರೆ 2020ರ ಮ್ಯಾಗ್ಮಾ ಫಿನ್‌ಕಾರ್ಪ್ ಪ್ರಕರಣದಲ್ಲಿ, ಕಂತು ಕಟ್ಟದೇ ಇದ್ದ ಸಾಲಗಾರರಿಗೆ ಕೆಳಹಂತದ ಆಯೋಗಗಳು ನೀಡಿದ್ದ ಪರಿಹಾರವನ್ನು ರದ್ದುಪಡಿಸಿ, ಸೂಕ್ತ ನೋಟೀಸು ನೀಡದ ಲೋಪಕ್ಕಾಗಿ ಕೇವಲ ರೂ. 15,000 ಮಂಜೂರು ಮಾಡಿತು. ಆದ್ದರಿಂದ ಎದುರುದಾರರು ಮೇಲ್ಮನವಿ ಸಲ್ಲಿಸಿದಲ್ಲಿ ಕಂತಿನ ರಸೀದಿಗಳೇ ಫಿರ್ಯಾದುದಾರರ ಮುಖ್ಯ ಆಧಾರವಾಗುತ್ತವೆ. ಅವುಗಳನ್ನು ಹಣ ಕೈಸೇರುವವರೆಗೂ ಜೋಪಾನ ಮಾಡುವುದು.

3. ಅರ್ಜಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಆದೇಶದ ದೃಢೀಕೃತ ನಕಲು ಹಾಗೂ ಪಾವತಿಗೆ ಆದೇಶದಲ್ಲಿ ನೀಡಿರುವ ಕಾಲಾವಧಿ.

ಆ) ಎದುರುದಾರರ ಹೆಸರು. ಆದೇಶದಲ್ಲಿ ಹೆಸರಿಸದ ವ್ಯಕ್ತಿಯ ಆಸ್ತಿಯ ಮೇಲೆ ವಸೂಲಾತಿ ಸಾಧ್ಯವಾಗದು. ಸಂಸ್ಥೆಯ ವಿರುದ್ಧದ ಆದೇಶವನ್ನು ಅದರ ನಿರ್ದೇಶಕರ ಸ್ವಂತ ಮನೆಯ ಮೇಲೆ ಜಾರಿಗೊಳಿಸಲು ಸಾಮಾನ್ಯವಾಗಿ ಬರುವುದಿಲ್ಲ.

ಇ) ವಾಹನ ಹಿಂದಿರುಗಿಸಲಾಗದಿದ್ದಲ್ಲಿ ನೀಡಬೇಕಾದ ಪರ್ಯಾಯ ಮೊತ್ತ. ಆದೇಶದಲ್ಲಿ ಮೇಲ್ನೋಟಕ್ಕೇ ಕಾಣುವ ತಪ್ಪಿದ್ದರೆ, ಆದೇಶದ ದಿನಾಂಕದಿಂದ 30 ದಿನಗಳೊಳಗೆ ಪುನರ್ವಿಲೋಕನಕ್ಕೆ ಅರ್ಜಿ ಸಲ್ಲಿಸಬಹುದು.

ಈ) ಮೇಲ್ಮನವಿಯ ಸ್ಥಿತಿ. ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು 45 ದಿನಗಳ ಅವಧಿಯಿದ್ದು, ಹಣ ಪಾವತಿಸಬೇಕಾದವರು ಆದೇಶದ ಮೊತ್ತದ ಶೇಕಡ 50ರಷ್ಟನ್ನು ಠೇವಣಿ ಇಡತಕ್ಕದ್ದು. ಮೇಲ್ಮನವಿ ದಾಖಲಾದ ಮಾತ್ರಕ್ಕೆ ವಸೂಲಾತಿ ನಿಲ್ಲುವುದಿಲ್ಲ. ಅದಕ್ಕೆ ತಡೆಯಾಜ್ಞೆ ಬೇಕು. ಕರ್ನಾಟಕ ರಾಜ್ಯ ಆಯೋಗವು ಬೆಂಗಳೂರಿನ ಹೈಗ್ರೌಂಡ್ಸ್‌ನ ಬಸವ ಭವನದಲ್ಲಿದೆ.

4. ಲಭ್ಯವಿರುವ ಎರಡು ಮಾರ್ಗಗಳು

ಕಲಂ 71ರ ಅಡಿಯಲ್ಲಿ, ಆಯೋಗದ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಗೊಳಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ಇದು ಹಣ ತರುವ ಮಾರ್ಗ.

ಕಲಂ 72ರ ಅಡಿಯಲ್ಲಿ, ಆದೇಶ ಪಾಲಿಸದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದ ಮತ್ತು ಮೂರು ವರ್ಷಗಳವರೆಗಿನ ಕಾರಾವಾಸ, ಅಥವಾ ರೂ. 25,000ಕ್ಕೆ ಕಡಿಮೆಯಿಲ್ಲದ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇದು ಶಿಕ್ಷೆಯ ಮಾರ್ಗ. ದಂಡದ ಹಣವು ಫಿರ್ಯಾದುದಾರರಿಗೆ ಸಲ್ಲಬೇಕಾದ ಪರಿಹಾರವಲ್ಲ. ಶಿಕ್ಷೆಯ ಅರ್ಜಿಯನ್ನು ಮಾತ್ರ ಸಲ್ಲಿಸಿ, ಹಣದ ಅರ್ಜಿಯನ್ನು ಮರೆಯಬಾರದು. ಎರಡೂ ಅರ್ಜಿಗಳನ್ನು ಆದೇಶ ನೀಡಿದ ಆಯೋಗಕ್ಕೇ ಸಲ್ಲಿಸುವುದು.

ಆಯೋಗಗಳಿಗೆ ಇರುವ ಇಂತಹ ಅಧಿಕಾರದ ಸಿಂಧುತ್ವವು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ತೀರ್ಮಾನವಾಯಿತು. ಕರ್ನಾಟಕ ರಾಜ್ಯ ಹಾಗೂ ವಿಶ್ವಭಾರತಿ ಗೃಹ ನಿರ್ಮಾಣ ಸಹಕಾರ ಸಂಘದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರ ಜನವರಿಯಲ್ಲಿ 1986ರ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಹಳೆಯ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯ ಬಾಕಿಯಂತೆ ವಸೂಲು ಮಾಡುವ ಅವಕಾಶವಿತ್ತು. 2003ರ ಮಾರ್ಚ್ 15ರಿಂದ 2020ರ ಜುಲೈ 20ರವರೆಗಿನ ಅವಧಿಯ ಅಂತಿಮ ಆದೇಶಗಳನ್ನೂ ಜಾರಿಗೊಳಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

5. ಅಮಲ್ಜಾರಿ ಅರ್ಜಿಯಲ್ಲಿ ಇರಬೇಕಾದ ವಿವರಗಳು

ಪ್ರಕರಣದ ಸಂಖ್ಯೆ, ಆದೇಶದ ದಿನಾಂಕ, ಬರಬೇಕಾದ ಮೊತ್ತ, ಈವರೆಗೆ ಬಂದ ಮೊತ್ತ ಹಾಗೂ ಕೋರುವ ಕ್ರಮವನ್ನು ನಮೂದಿಸತಕ್ಕದ್ದು. ಎದುರುದಾರರ ಬ್ಯಾಂಕ್ ಖಾತೆಯ ಜಪ್ತಿ, ಚರಾಸ್ತಿ ಅಥವಾ ಸ್ಥಿರಾಸ್ತಿಯ ಜಪ್ತಿ ಮತ್ತು ಹರಾಜು ಕೋರಬಹುದು. ಖಾತೆಯ ಸುಳಿವು ಅರ್ಜಿದಾರರ ಬಳಿಯೇ ಇರುವುದುಂಟು: ಕಂತಿನ ಚೆಕ್ಕು ಯಾವ ಬ್ಯಾಂಕಿನ ಮೂಲಕ ನಗದಾಯಿತೆಂಬುದನ್ನು ಪಾಸ್‌ಪುಸ್ತಕ ಹಾಗೂ ರಸೀದಿಗಳಿಂದ ತಿಳಿಯಬಹುದು. ಆಸ್ತಿಯ ವಿವರ ತಿಳಿಯದಿದ್ದಲ್ಲಿ, 21ನೇ ಆದೇಶದ 41ನೇ ನಿಯಮದಂತೆ ಎದುರುದಾರರಿಂದಲೇ ಆಸ್ತಿ ವಿವರದ ಪ್ರಮಾಣ ಪತ್ರ ತರಿಸುವಂತೆ ಕೋರಬಹುದು.

ವಾಹನವನ್ನೇ ಹಿಂದಿರುಗಿಸಬೇಕೆಂದು ಆದೇಶವಿದ್ದರೆ, 31ನೇ ನಿಯಮದಂತೆ ಅದನ್ನು ವಶಕ್ಕೆ ಪಡೆದು ಕೊಡಿಸುವಂತೆ ಕೋರುವುದು.

6. ಬಾಕಿ ಲೆಕ್ಕ ಹಾಕುವ ಕ್ರಮ

ಉದಾಹರಣೆಗೆ, ಪರಿಹಾರ ರೂ. 60,000, ವಾರ್ಷಿಕ ಶೇಕಡ 9ರ ಸರಳ ಬಡ್ಡಿ ಮತ್ತು ವ್ಯಾಜ್ಯದ ವೆಚ್ಚ ರೂ. 5,000 ಎಂದು ಆದೇಶವಾಗಿದ್ದು, ಎಂಟು ತಿಂಗಳು ಕಳೆದಿವೆ ಎಂದು ಭಾವಿಸೋಣ. ಬಡ್ಡಿ ರೂ. 3,600 ಆಗುತ್ತದೆ, ಒಟ್ಟು ರೂ. 68,600. ಆ ದಿನ ಎದುರುದಾರರು ರೂ. 30,000 ಪಾವತಿಸಿದರೆ, ಆದೇಶದಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಅದನ್ನು ಮೊದಲು ಬಡ್ಡಿಗೆ, ನಂತರ ವೆಚ್ಚಕ್ಕೆ, ಉಳಿದ ರೂ. 21,400ನ್ನು ಅಸಲಿಗೆ ಜಮಾ ಮಾಡುವುದು. ಬಾಕಿ ಅಸಲು ರೂ. 38,600, ಮುಂದಿನ ಬಡ್ಡಿ ಇದರ ಮೇಲೆ ನಡೆಯುತ್ತದೆ.

7. ರಾಜಿ ಮತ್ತು ಹೊಂದಾಣಿಕೆ: ಎಚ್ಚರಿಕೆ

ಪರಿಹಾರದ ಹಣವನ್ನು ಸಾಲದ ಬಾಕಿಗೆ ವಜಾ ಮಾಡಿಕೊಂಡಿರುವುದಾಗಿ ಎದುರುದಾರರು ತಿಳಿಸಬಹುದು. ಆದೇಶದಲ್ಲಿ ಅಂತಹ ಅವಕಾಶವಿಲ್ಲದಿದ್ದಲ್ಲಿ ಅರ್ಜಿದಾರರು ಆಯೋಗದ ಮುಂದೆ ಆಕ್ಷೇಪಿಸತಕ್ಕದ್ದು. ಜಾರಿಯ ಹಂತದಲ್ಲಿ ಮೂಲ ಆದೇಶವನ್ನು ಬದಲಿಸಲು ಬರುವುದಿಲ್ಲ.

ಚೆಕ್ಕು ನಗದಾಗುವ ಮೊದಲು ‘ಪೂರ್ಣ ಮತ್ತು ಅಂತಿಮ ಪಾವತಿ’ ಎಂಬ ಪತ್ರಕ್ಕೆ ಸಹಿ ಮಾಡಬಾರದು. ವಾಹನವಿಲ್ಲದೆ ತಿಂಗಳುಗಟ್ಟಲೆ ಕಳೆದವರು ಸಿಕ್ಕಷ್ಟು ಸಾಕೆಂದು ಸಹಿ ಹಾಕುವ ಸಂದರ್ಭ ಬರುತ್ತದೆ. ಅದರಿಂದ ಉಳಿದ ಹಣದ ಹಕ್ಕು ಕಳೆದುಹೋಗಬಹುದು. ಆಯೋಗದ ಹೊರಗೆ ಪಡೆದ ಹಣವನ್ನು ಆಯೋಗದ ಕಡತದಲ್ಲಿ ದಾಖಲಿಸುವುದು ಇಬ್ಬರಿಗೂ ಕ್ಷೇಮ.

8. ನೋಂದಣಿ ಪತ್ರ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 51ರಂತೆ, ವಾಹನ ವಶಪಡಿಸಿಕೊಂಡ ಸಾಲದಾತರು ನಮೂನೆ 36ರಲ್ಲಿ ತಮ್ಮ ಹೆಸರಿಗೆ ಹೊಸ ನೋಂದಣಿ ಪತ್ರ ಕೋರಬಹುದು. ಆಗ ನೋಂದಾಯಿತ ಮಾಲೀಕರಿಗೆ ನಮೂನೆ 37ರಲ್ಲಿ ನೋಟೀಸು ಬರುತ್ತದೆ. ನೋಟೀಸು ಬಂದ ಕೂಡಲೇ ಆಯೋಗದ ಆದೇಶದ ನಕಲಿನೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯುವುದು. ಸಾಲ ತೀರುವಳಿಯಾದ ಪ್ರಕರಣಗಳಲ್ಲಿ ನಮೂನೆ 35ರ ಮೂಲಕ ಅಡಮಾನದ ನಮೂದನ್ನು ತೆಗೆಸಿಕೊಳ್ಳತಕ್ಕದ್ದು.

9. ನೆರವು

ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ: 1915. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ 15100 ಸಂಖ್ಯೆಗೆ ಕರೆ ಮಾಡಬಹುದು, ಅಥವಾ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

ಆದೇಶದಲ್ಲಿ ನೀಡಿದ ಅವಧಿ ಮುಗಿದ ಮರುದಿನದಿಂದಲೇ ಸಾರ್ವಜನಿಕರು ಈ ಮೇಲ್ಕಂಡ ಕ್ರಮಗಳನ್ನು ಕೈಗೊಂಡು, ತಮಗೆ ನ್ಯಾಯವಾಗಿ ಸಲ್ಲಬೇಕಾದ ಹಣ ಅಥವಾ ವಾಹನವನ್ನು ಪಡೆದುಕೊಳ್ಳುವಂತೆ ಕೋರಲಾಗಿದೆ.