ಪ್ಲೇಟಿನ ಕರಕರ: ಯಾವುದನ್ನು ಒರೆಸಬೇಕು, ಯಾವುದನ್ನು ಉಳಿಸಬೇಕು?

ನಾನು ಮಾತಾಡ್ತಿರೋದು ಹೊಸೂರು ಪಕ್ಕದ ಅವಲಪಲ್ಲಿಯಿಂದ. ನಮ್ಮ ಮನೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ 78 ಆರ್‌ಪಿಎಂ ಪ್ಲೇಟುಗಳಿದ್ದವು. ಕರಕರ ಹೋಗಲಿ ಅಂತ ಒಂದನ್ನು ಸ್ಪಿರಿಟ್ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯ್ತು. ಕೊಳೆ ಬಿಡ್ತಿದೆ ಅಂದ್ಕೊಂಡೆ, ಬಿಡ್ತಿದ್ದದ್ದು ಪ್ಲೇಟೇ. ಈ ಪ್ರಬಂಧ ಆ ತಪ್ಪಿನಿಂದ ಹುಟ್ಟಿದ್ದು.

1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ವಿನೈಲ್ ಎಲ್‌ಪಿ ತರುವ ಮುಂಚೆ ಪ್ಲೇಟುಗಳು ಹೆಚ್ಚಾಗಿ ಅರಗಿನವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ. ಮರಕ್ಕೆ ಪಾಲಿಶ್ ಹಾಕುವವರನ್ನು ಕೇಳಿದ್ದರೆ ಹೇಳ್ತಿದ್ದರು. ಅರಗಿನ ಜೊತೆ ಸಾಕಷ್ಟು ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಬೇಗ ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲಿ ಎಂಬುದು ಅದರ ಒಂದು ಉದ್ದೇಶ. ಅದಕ್ಕೇ ಒಂದು ಮಗ್ಗುಲಿಗೆ ಒಂದು ಹೊಸ ಮುಳ್ಳು ಹಾಕಬೇಕಿತ್ತು. ಅಂದರೆ ಕರಕರದ ಒಂದು ಪಾಲು ಪ್ಲೇಟಿಗೆ ಹುಟ್ಟಿನಿಂದಲೇ ಬಂದದ್ದು. ಎರಡನೆಯ ಪಾಲು ಮನೆಯವರು ಮತ್ತೆ ಮತ್ತೆ ಹಾಕಿ ಸವೆಸಿದ್ದು. ಮೂರನೆಯದು ಧೂಳು. ಈ ಮೂರರಲ್ಲಿ ಒರೆಸುವ ಹಕ್ಕು ನಮಗಿರುವುದು ಮೂರನೆಯದರ ಮೇಲೆ ಮಾತ್ರ ಎಂಬುದು ನನ್ನ ವಾದ.

ಒಂದು ಉದಾಹರಣೆ ನೋಡೋಣ. 1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡನ್ನು ಮುದ್ರಿಸಿಕೊಂಡ. ಪ್ಲೇಟುಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಗುರುತು ಸಿಗಲೆಂದು ಆಕೆ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮುಳ್ಳು ಒಳಗೆರೆಗೆ ಬರೋ ಹೊತ್ತಿಗೆ ಸವೆದಿರುತ್ತೆ, ಗೆರೆಯ ವೇಗವೂ ತಗ್ಗಿರುತ್ತೆ. ಹೀಗಾಗಿ ಆ ಹೆಸರು ಇರುವುದು ಗದ್ದಲ ಹೆಚ್ಚಿರುವ ಜಾಗದಲ್ಲೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡ ಆ ಕಲಾವಿದೆಯ ದನಿಯನ್ನು, ‘ಹಾಡು ಮುಗೀತು, ಉಳಿದದ್ದು ಗದ್ದಲ’ ಅಂತ ಕತ್ತರಿಸಿಬಿಟ್ಟರೆ ಹೋಗೋದು ಆಕೆಯದೇ ಸಾಕ್ಷ್ಯ.

ಇನ್ನು ಕೆಲಸದ ಮಾತು. ಅರಗಿನ ಪ್ಲೇಟಿಗೆ ಭಟ್ಟಿ ಇಳಿಸಿದ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್ಷು ಸಾಕು, ಲೇಬಲ್ ನೆನೆಯಬಾರದು. 78ರ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್‌ಪಿಯ ಸಣ್ಣ ಮುಳ್ಳು ಹಾಕಿದರೆ ಅದು ಗೆರೆಯ ತಳಕ್ಕಿಳಿದು ಅಲ್ಲಿ ಕೂತಿರೋ ಧೂಳನ್ನೇ ಓದುತ್ತೆ. 78ರಲ್ಲಿ ಸಂಗೀತ ಇರೋದು ಮುಳ್ಳಿನ ಅಡ್ಡ ಚಲನೆಯಲ್ಲಿ. ಆದ್ದರಿಂದ ಸ್ಟೀರಿಯೋ ಪಿಕಪ್ಪಿನ ಎರಡೂ ಚಾನೆಲ್ ಕೂಡಿಸಿ ಮೋನೊ ಮಾಡಿದರೆ, ಮೇಲೆ-ಕೆಳಗಿನ ಕುಣಿತದಿಂದ ಬರುವ ಗದ್ದಲ ತಾನಾಗೇ ಕಳೆದುಹೋಗುತ್ತೆ. ವಿನೈಲಿನಲ್ಲಿ ಕಲ್ಲಿನ ಪುಡಿ ಇಲ್ಲ. ಅಲ್ಲಿನ ಚಟಪಟಕ್ಕೆ ಧೂಳು, ಗೀರು, ಒಣ ಹವೆಯಲ್ಲಿ ಧೂಳನ್ನು ಎಳೆಯುವ ಸ್ಥಿರವಿದ್ಯುತ್ತು ಕಾರಣ.

ಪ್ರಶ್ನೆ (ವಿದ್ಯಾರ್ಥಿ): ಸರ್, ಕಂಪ್ಯೂಟರಿನಲ್ಲಿ ಎಲ್ಲಾ ತೆಗೀಬಹುದಲ್ವಾ?

ಉತ್ತರ: ತೆಗೀಬಹುದಮ್ಮಾ. ಆದರೆ ಸರಸರ ಶಬ್ದ ಇರುವ ಎತ್ತರದಲ್ಲೇ ‘ಸ’, ‘ಶ’ಗಳೂ ಇರ್ತವೆ. ಜೋರಾಗಿ ತೆಗೆದರೆ ಅಕ್ಷರಗಳೂ ಹೋಗ್ತವೆ. ಗಡಿನಾಡಿನಲ್ಲಿ ಉಚ್ಚಾರಣೆಯೇ ಚರಿತ್ರೆ ಅನ್ನೋ ನಮಗೆ ಅದು ಸಣ್ಣ ನಷ್ಟ ಅಲ್ಲ. ಮೊದಲು ಇದ್ದದ್ದು ಇದ್ದ ಹಾಗೇ ಒಂದು ಪ್ರತಿ ಮಾಡಿಡಿ. ಶುಚಿ ಮಾಡೋದೆಲ್ಲ ಎರಡನೆಯ ಪ್ರತಿಯಲ್ಲಿ. ನಾನು ಒರೆಸಿದ ಪ್ಲೇಟಿಗೆ ಮೊದಲ ಪ್ರತಿ ಇರಲಿಲ್ಲ. ಅದರಲ್ಲಿ ಏನಿತ್ತು ಅನ್ನೋದು ಈಗ ಲೇಬಲ್ಲಿನಲ್ಲಷ್ಟೇ ಉಳಿದಿದೆ.