ಭೂಸನೂರ ಸೀಮೆಯ ಎರೆಹೊಲ

ಇಂದು ಸಾವಯವವೆಂಬ ಹೆಸರಿನಿಂದ ಹೊಸದಾಗಿ ಬೋಧಿಸಲ್ಪಡುತ್ತಿರುವ ಕೃಷಿಕ್ರಮವು ಆಳಂದ ತಾಲೂಕಿನ ಭೂಸನೂರ ಸೀಮೆಗೆ ಹೊಸತೇನೂ ಅಲ್ಲ. ಆದರೆ ಹಿಂದಿನವರು ಅದನ್ನು ವ್ರತವೆಂದು ಕೈಕೊಂಡವರೂ ಅಲ್ಲ. ಎರೆನೆಲದ ಸ್ವಭಾವ, ಮಳೆಯ ಚಾಂಚಲ್ಯ, ದನಕರುಗಳ ಇರವು, ಕುರುಬನ ಸಂಚಾರ, ಒಲೆಯ ಉರುವಲು ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡು ತಾನಾಗಿ ಏರ್ಪಟ್ಟ ವ್ಯವಸ್ಥೆಯದು. ಅದರೊಳಗಿನ ಒಂದು ಎಳೆಯನ್ನು ಕಿತ್ತರೆ ಉಳಿದವೂ ಸಡಿಲುವುವೆಂಬುದು ಇಲ್ಲಿಯ ಒಕ್ಕಲುತನದ ಚರಿತ್ರೆಯನ್ನು ನೋಡಿದವರಿಗೆ ತೋರದಿರದು.

ಅಮರಜೆಯು ಈ ತಾಲೂಕಿನಲ್ಲಿ ಹರಿದು ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವಳಾದರೂ, ಸುತ್ತಲಿನ ಬೇಸಾಯವು ನದಿಗಿಂತ ಹೆಚ್ಚಾಗಿ ಮಳೆಯನ್ನೇ ನಂಬಿ ಬೆಳೆದುದು. ಬೇಸಗೆಯಲ್ಲಿ ಆಳವಾಗಿ ಬಿರಿದು, ಮೇಲಣ ಪುಡಿಮಣ್ಣನ್ನು ತನ್ನ ಬಿರುಕುಗಳೊಳಕ್ಕೆ ತಾನೇ ಇಳಿಸಿಕೊಂಡು, ಮಳೆಗಾಲದಲ್ಲಿ ಕಾಲಿಡಲಾಗದಷ್ಟು ಅಂಟಾಗುವ ಆಳವಾದ ಎರೆಯನ್ನು ಮುಂಗಾರಿನಲ್ಲಿ ಬಿತ್ತದೆ ಕುಂಟೆ ಹೊಡೆದು ಹಸನುಮಾಡಿ, ಒಡಲೊಳಗೆ ನಿಂತ ಹಸಿಯನ್ನೇ ನೆಚ್ಚಿ ಹಿಂಗಾರಿನಲ್ಲಿ ಬಿಳಿಜೋಳವನ್ನು ಕೂರಿಗೆಯಿಂದ ಬಿತ್ತುವುದು ಪರಂಪರಾಗತ ಕ್ರಮ. ಜೋಳದ ಜೊತೆಗೆ ಅಕ್ಕಡಿಯಾಗಿ ಕಡಲೆ, ಅಗಸೆ. ಹೊಲದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬಿ. ಅಷ್ಟು ಆಳವಿಲ್ಲದ ಮುಂಗಾರಿ ಹೊಲಗಳಲ್ಲಿ ಹೆಸರು, ಸಜ್ಜೆ, ತೊಗರಿ. ತೊಗರಿಯು ಬೇರಿನ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ಹಿಡಿದಿಟ್ಟು, ಎಲೆಯುದುರಿಸಿ ನೆಲವನ್ನು ಹೊದಿಸಿ, ಮುಂದಣ ವರ್ಷದ ಜೋಳಕ್ಕೆ ಹಾಸಿಗೆ ಸಿದ್ಧಮಾಡಿ ಹೋಗುತ್ತಿತ್ತು.

ಗೊಬ್ಬರದ ಸಂಗತಿಯು ಇದಕ್ಕಿಂತ ಸ್ವಾರಸ್ಯವಾದುದು. ಸುಗ್ಗಿಯಾದ ಮೇಲೆ ಕುರುಬರ ಹಿಂಡನ್ನು ಹೊಲದಲ್ಲಿ ರಾತ್ರಿಗಳ ಲೆಕ್ಕದಲ್ಲಿ ನಿಲ್ಲಿಸಿ, ಅದಕ್ಕೆ ಪ್ರತಿಯಾಗಿ ಕಾಳು ಅಳೆದುಕೊಡುವ ವಾಡಿಕೆಯಿಂದ, ಹೊತ್ತು ಸಾಗಿಸುವ ಶ್ರಮವಿಲ್ಲದೆಯೇ ಹಿಕ್ಕೆಯೂ ಗಂಜಲವೂ ನೆಲಕ್ಕೆ ಸೇರುತ್ತಿದ್ದುವು. ಮಿಕ್ಕುದು ತಿಪ್ಪೆಯದು. ಆದರೆ ಅಡವಿಯಿಲ್ಲದ ಬಯಲುಸೀಮೆಯಲ್ಲಿ ಸೆಗಣಿಗೆ ತಿಪ್ಪೆಗಿಂತ ಒಲೆಯೇ ಹತ್ತಿರ. 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಭಾರತದ ಒಕ್ಕಲಿಗನ ಜಾಣ್ಮೆಯನ್ನು ಮೆಚ್ಚಿಕೊಂಡ ರಸಾಯನಶಾಸ್ತ್ರಜ್ಞ ವೋಲ್ಕರನು, ಸೌದೆ ದೊರಕದ ಕಡೆಯಲ್ಲಿ ಸೆಗಣಿಯು ಕುಳ್ಳಾಗಿ ಉರಿದುಹೋಗುವುದೆಂದು ಸರಿಯಾಗಿಯೇ ಗುರುತಿಸಿದನು. ತೊಗರಿ ಬೆಳೆಯುವ ಸೀಮೆಗೆ ಇದಕ್ಕೊಂದು ಉತ್ತರವಿತ್ತು: ರಾಶಿಯಾದ ಬಳಿಕ ಉಳಿಯುವ ತೊಗರಿಕಟ್ಟಿಗೆ. ಅದು ಒಲೆಗೆ ಹೋದಷ್ಟೂ ಸೆಗಣಿ ಹೊಲಕ್ಕೆ ಉಳಿಯಿತು. ಬೇಳೆಯನ್ನು ಹೊಗಳುವವರು ಈ ಕಟ್ಟಿಗೆಯನ್ನು ಮರೆಯುವುದು ನನಗಂತೂ ಅನ್ಯಾಯವೆನಿಸುತ್ತದೆ.

ಈ ಮಿಶ್ರಬೆಳೆಯ ಪ್ರಮಾಣಪತ್ರವನ್ನು ಬೇರೆಲ್ಲಿಯೂ ಅರಸಬೇಕಾಗಿಲ್ಲ. ಎಳ್ಳಮಾವಾಸ್ಯೆಯ ಬುತ್ತಿಯನ್ನು ಬಿಚ್ಚಿದರೆ ಸಾಕು. ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಬಳಿಕ ಕುಳಿತು ಉಣ್ಣುವ ಸಜ್ಜೆರೊಟ್ಟಿಯ ಜೊತೆಗಿನ ಭಜ್ಜಿಯೊಳಗೆ ಹಸಿತೊಗರಿ, ಅವರೆ, ಕಡಲೆ, ಬದನೆ, ಮೆಂತೆ, ಬಗೆಬಗೆಯ ಸೊಪ್ಪು ಎಲ್ಲವೂ ಕೂಡಿರಬೇಕು. ಒಂದೇ ಬೆಳೆಯ ಹೊಲದವನಿಗೆ ಇದು ಹೊಲದಿಂದ ಬಾರದು, ಸಂತೆಯಿಂದ ಬರಬೇಕು. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಸತ್ತ್ವಾಂಶವನ್ನು ತೊಗರಿ ತುಂಬಿಕೊಡುವುದೆಂದು ಆಹಾರಶಾಸ್ತ್ರವು ಆಮೇಲೆ ವಿವರಿಸಿತು. ರೊಟ್ಟಿಯೂ ಬೇಳೆಯೂ ಅದಕ್ಕಾಗಿ ಕಾದಿರಲಿಲ್ಲ.

ಹೀಗೆಂದು ಆ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ಭಾವಿಸಲಾಗದು. 1876-78ರ ದಖ್ಖಣದ ಮಹಾಕ್ಷಾಮವನ್ನು ಯಾವ ತಿಪ್ಪೆಯೂ ತಡೆಯಲಿಲ್ಲ. ಹಗೇವಿನೊಳಗೆ ವರ್ಷಗಟ್ಟಲೆ ಕಾಳು ಕಾಯ್ದಿಡಬಲ್ಲವರು ಉಳ್ಳವರೇ ಹೊರತು ಕೂಲಿಯವರಲ್ಲ.

ನಿಜಾಮನ ಆಳಿಕೆ 1948ರಲ್ಲಿ ಕೊನೆಗಂಡು, 1956ರಲ್ಲಿ ಈ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದ ತರುವಾಯದ ದಶಕಗಳಲ್ಲಿ ಹೊಲದ ಮುಖವೇ ಬದಲಾಯಿತು. ನೀರು ಸಿಕ್ಕಲ್ಲೆಲ್ಲ ಕಬ್ಬು ನಿಂತಿತು; ಭೂಸನೂರಿಗೆ ಸಕ್ಕರೆ ಕಾರ್ಖಾನೆಯೇ ಬಂದಿತು. ವರ್ಷವಿಡೀ ಕಬ್ಬು ನಿಂತ ಹೊಲದಲ್ಲಿ ಕುರಿಹಿಂಡಿಗೆ ಎಡೆಯಿಲ್ಲ, ಜೋಳವಿಲ್ಲದ ಮನೆಯಲ್ಲಿ ಎತ್ತಿಗೆ ಕಣಿಕೆಯಿಲ್ಲ, ಎತ್ತಿಲ್ಲದೆ ತಿಪ್ಪೆಯಿಲ್ಲ. ಆ ತೆರವನ್ನು ಯೂರಿಯಾ ತುಂಬಿತು. ಕಬ್ಬನ್ನೇ ದೂಷಿಸುವುದು ಸುಲಭವಾದರೂ ನ್ಯಾಯವಲ್ಲ, ಏಕೆಂದರೆ ಅದು ಒಣಬೇಸಾಯದವನಿಗೆ ಕಾಣದ ನಗದನ್ನು ಕಾಣಿಸಿತು. ಕಾರ್ಖಾನೆಯಲ್ಲಿ ಉಳಿಯುವ ಪ್ರೆಸ್‌ಮಡ್ಡೂ ಸುಡದೆ ಬಿಟ್ಟ ರವದಿಯೂ ಉತ್ತಮ ಗೊಬ್ಬರಗಳೇ.

ತೊಗರಿಯ ಹೊಲಕ್ಕೆ ಬಂದ ಕಂಟಕವು ಬೇರೆ. ಔಷಧ ಸಿಂಪಡಿಸಿದಷ್ಟೂ ಕಾಯಿಕೊರಕ ಹುಳುವು ಅದನ್ನು ಜೀರ್ಣಿಸಿಕೊಳ್ಳುವ ಬಲ ಪಡೆದು, 1997-98ರಲ್ಲಿ ಬೆಳೆಯನ್ನು ಹಾಳುಗೆಡವಿ, ಸಾಲ ಮಾಡಿ ಔಷಧ ಕೊಂಡವರನ್ನು ದಿಕ್ಕುಗೆಡಿಸಿತು. ಆಗ ನೆನಪಿಗೆ ಬಂದುದು ಗಿಡವನ್ನು ಮೆಲ್ಲನೆ ಅಲುಗಿಸಿ, ಕೆಳಗೆ ಹಿಡಿದ ಬಟ್ಟೆಯ ಮೇಲೆ ಹುಳು ಉದುರಿಸಿ ನಾಶಪಡಿಸುವ ಹಳೆಯ ಉಪಾಯ. ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ ಪರಿಣಾಮಕಾರಿಯೆಂದು ಒಪ್ಪಿದರು. ಅದಕ್ಕೆ ಬೇಕಾದುದು ಹಣವಲ್ಲ, ಆಳು. ಆಳು ಪಟ್ಟಣಕ್ಕೆ ವಲಸೆ ಹೋಗಿರುವ ಊರಿನಲ್ಲಿ ಅದೂ ಅಗ್ಗದ ಉಪಾಯವಲ್ಲ.

ಕರ್ನಾಟಕ ಸರ್ಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಘೋಷಿಸಿತು; 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಆ ಮನ್ನಣೆಯು ಬೇಳೆ ಎಲ್ಲಿ ಬೆಳೆಯಿತೆಂಬುದನ್ನು ಹೇಳುತ್ತದೆಯೇ ಹೊರತು ಹೇಗೆ ಬೆಳೆಯಿತೆಂಬುದನ್ನಲ್ಲ. ಕುರಿ ನಿಲ್ಲಿಸಿ ಬೆಳೆದ ತೊಗರಿಗೂ ಸಿಂಪಡಿಸಿ ಬೆಳೆದ ತೊಗರಿಗೂ ಹರಾಜಿನ ಕಟ್ಟೆಯ ಮೇಲೆ ಭೇದವಿಲ್ಲದಿರುವವರೆಗೆ, ಎತ್ತು ಕಟ್ಟಿ ಸಾಕುವ ಖರ್ಚನ್ನು ಒಕ್ಕಲಿಗನು ಒಬ್ಬನೇ ಹೊರಬೇಕೆಂದು ನಿರೀಕ್ಷಿಸುವುದು ನೀತಿಯ ಕೆಲಸವಾಗಲಾರದು.